ಸ್ಕೈರಿಮ್: 412 ಮಾಡ್ ಹಾಕಿದ್ದೇನೆ, ವಿಂಡ್‌ಹೆಲ್ಮ್ ಸೇತುವೆ ಹತ್ತಿದರೆ ಸಾಕು ಕ್ರ್ಯಾಶ್

ಮಂಡಕ್ಕಿ_ಮಿರ್ಚಿ · ಶನಿವಾರ ರಾತ್ರಿ 11.50

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಕೆರ ಹಿಡಿದಿದೆ. ಯಾರಾದರೂ ದಾರಿ ತೋರಿಸಿ.

ಆಟ ಸ್ಕೈರಿಮ್ ಸ್ಪೆಷಲ್ ಎಡಿಶನ್, ವರ್ಷನ್ 1.6.1170. ಮಾಡ್ ಆರ್ಗನೈಸರ್ 2ರಲ್ಲಿ 412 ಮಾಡ್ (ಆಟವನ್ನು ಬದಲಿಸಲು ಅಭಿಮಾನಿಗಳು ಮಾಡಿದ ಸೇರ್ಪಡೆಗಳು) ಇವೆ. ಗ್ರಾಫಿಕ್ಸ್ ಕಾರ್ಡ್ 8 ಜಿಬಿ. ರ‍್ಯಾಮ್ 16 ಜಿಬಿ ಇತ್ತು, ಹೋದ ತಿಂಗಳು ಇನ್ನೊಂದು 16 ಹಾಕಿಸಿದೆ. ಆಟ ಇರುವುದು ಎಸ್‌ಎಸ್‌ಡಿಯಲ್ಲಿ.

ಆಟದೊಳಗಿನ ವೈಟ್‌ರನ್, ರಿಫ್ಟನ್ ಊರುಗಳೆಲ್ಲ ಆರಾಮಾಗಿ ಓಡುತ್ತವೆ. ವಿಂಡ್‌ಹೆಲ್ಮ್‌ನ ಕಲ್ಲಿನ ಸೇತುವೆ ಹತ್ತಿ ಒಂದಿಪ್ಪತ್ತು ಹೆಜ್ಜೆ ಹಾಕಿದರೆ ಚಿತ್ರ ಅಲ್ಲೇ ನಿಲ್ಲುತ್ತದೆ, ಶಬ್ದ ಒಂದು ಕ್ಷಣ ಗೊರಗೊರ ಎನ್ನುತ್ತದೆ, ಆಮೇಲೆ ಡೆಸ್ಕ್‌ಟಾಪ್. ಎರರ್ ಮೆಸೇಜ್ ಏನೂ ಇಲ್ಲ. ಇದಲ್ಲದೆ ಎಲ್ಲೆಂದರಲ್ಲಿ ಒಮ್ಮೊಮ್ಮೆ ಬೀಳುವುದೂ ಇದೆ. ನಿನ್ನೆ ಗುಹೆಯೊಳಗೆ, ಮೊನ್ನೆ ಮ್ಯಾಪ್ ತೆಗೆದಾಗ.

ಇದುವರೆಗೆ ಮಾಡಿದ್ದು: ಲೂಟ್ ಅನ್ನುವ ಟೂಲ್‌ನಲ್ಲಿ ಲೋಡ್ ಆರ್ಡರ್ (ಮಾಡ್‌ಗಳು ಲೋಡ್ ಆಗುವ ಕ್ರಮ) ಸರಿಮಾಡಿದೆ. ಸ್ಟೀಮ್‌ನಲ್ಲಿ ಫೈಲ್ ಪರೀಕ್ಷೆ ಮಾಡಿಸಿದೆ. ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದು ಹಾಕಿದೆ. ನೆರಳು ಕಡಿಮೆ ಮಾಡಿದೆ. ಅನುಮಾನ ಬಂದ 40 ಮಾಡ್‌ಗಳನ್ನು ಕಿತ್ತು ಅದೇ ಸೇವ್‌ನಲ್ಲಿ ಮುಂದುವರಿಸಿದೆ. ಏನೂ ಬದಲಾಗಲಿಲ್ಲ. ಲೆವೆಲ್ 38ರ ಪಾತ್ರ, ಬಿಟ್ಟುಬಿಡಲು ಮನಸ್ಸಿಲ್ಲ.

"ನೀನು ಆಟ ಆಡುತ್ತಿಲ್ಲ, ಸರ್ವೀಸ್ ಸೆಂಟರ್ ಇಟ್ಟಿದ್ದೀಯ" ಅಂತ ತಂಗಿ ನಗುತ್ತಾಳೆ.

ತುಪ್ಪದ_ದೋಸೆ · ಭಾನುವಾರ ಬೆಳಿಗ್ಗೆ 8.15

ಗುರು, ಎಲ್ಲ ಡಿಲೀಟ್ ಮಾಡಿ ಹೊಸದಾಗಿ ಹಾಕು. ನಾನು ಯಾವಾಗಲೂ ಹಾಗೇ ಮಾಡೋದು. ಅಲ್ಲದೆ 412 ಮಾಡ್ ಅಂದರೆ 255ರ ಮಿತಿ ದಾಟಿದೆ ಅಲ್ವಾ? ಅದೇ ಕಾರಣ ಇರಬೇಕು.

ಹಳೇ_ಸೇವ್ · ಭಾನುವಾರ ಬೆಳಿಗ್ಗೆ 9.02

ಇಲಿ ಬಂತು ಅಂತ ಮನೆಗೆ ಬೆಂಕಿ ಇಡೋದು ಬೇಡ ದೋಸೆಯವರೇ. ಅದೇ ಮಾಡ್‌ಗಳನ್ನು ಅದೇ ಕ್ರಮದಲ್ಲಿ ಮತ್ತೆ ಹಾಕಿದರೆ ಅದೇ ಕ್ರ್ಯಾಶ್ ಮತ್ತೆ ಬರುತ್ತದೆ. ನಡುವೆ ಒಂದು ವಾರಾಂತ್ಯ ಹೋಗುತ್ತದೆ, ಅಷ್ಟೇ.

ಆ ಮಿತಿಯ ವಿಷಯ ಬಹಳ ಜನಕ್ಕೆ ಗೊಂದಲ. ಮಿತಿ ಇರುವುದು ಮಾಡ್‌ಗಳಿಗಲ್ಲ, ಪ್ಲಗಿನ್‌ಗಳಿಗೆ, ಅಂದರೆ ಆಟಕ್ಕೆ ಹೊಸ ದಾಖಲೆ ಸೇರಿಸುವ ಫೈಲ್‌ಗಳಿಗೆ. ಬರೀ ಟೆಕ್ಸ್ಚರ್ (ವಸ್ತುವಿನ ಮೇಲ್ಮೈ ಚಿತ್ರ) ಇರುವ ಮಾಡ್‌ಗೆ ಪ್ಲಗಿನ್ನೇ ಇರುವುದಿಲ್ಲ. ಪೂರ್ಣ ಪ್ಲಗಿನ್ 254ರವರೆಗೆ ಹಾಕಬಹುದು. ಲೈಟ್ ಪ್ಲಗಿನ್‌ಗಳು, ಅಂದರೆ ಇಎಸ್‌ಎಲ್ ಗುರುತು ಇರುವವು, ಎಲ್ಲ ಸೇರಿ ಒಂದೇ ಜಾಗದಲ್ಲಿ ಕೂರುತ್ತವೆ. ಅಲ್ಲಿ 4096 ಹಿಡಿಸುತ್ತವೆ. ಮಿರ್ಚಿ, ಮಾಡ್ ಆರ್ಗನೈಸರ್‌ನ ಬಲಗಡೆ ಪ್ಲಗಿನ್ ಸಂಖ್ಯೆಯ ಮೇಲೆ ಮೌಸ್ ಇಟ್ಟರೆ ಎರಡೂ ಲೆಕ್ಕ ಬೇರೆಬೇರೆ ಕಾಣುತ್ತದೆ. ಅದನ್ನು ಇಲ್ಲಿ ಹಾಕಿ.

ಇನ್ನು ಆ 40 ಮಾಡ್ ಕಿತ್ತ ವಿಷಯ. ಅದೊಂದು ಮಾಡಬಾರದಿತ್ತು. ಸ್ಕ್ರಿಪ್ಟ್ (ಆಟದೊಳಗೆ ಓಡುವ ಸಣ್ಣ ಪ್ರೋಗ್ರಾಂ) ಇರುವ ಮಾಡ್ ತೆಗೆದರೂ ಅದರ ಸ್ಕ್ರಿಪ್ಟ್ ಸೇವ್ ಫೈಲ್‌ನೊಳಗೆ ಉಳಿದಿರುತ್ತದೆ. ಬಾಡಿಗೆಯವರು ಮನೆ ಬಿಟ್ಟರೂ ಕರೆಂಟ್ ಬಿಲ್ ಅವರ ಹೆಸರಲ್ಲೇ ಬರುತ್ತಿರುತ್ತದಲ್ಲ, ಹಾಗೆ. ಈಗ ಆ 40ನ್ನೂ ವಾಪಸ್ ಹಾಕಿ, ಕಿತ್ತುವುದಕ್ಕೂ ಮೊದಲಿನ ಸೇವ್ ಇದ್ದರೆ ಅದಕ್ಕೆ ಹೋಗಿ.

ಆಮೇಲೆ ಒಂದೇ ಒಂದು ಕೆಲಸ: ಕ್ರ್ಯಾಶ್ ಲಾಗರ್ ಮಾಡ್ ಹಾಕಿ. ಸ್ಕೈರಿಮ್ ತಾನಾಗಿ ಲಾಗ್ (ಬಿದ್ದಾಗ ಏನಾಯಿತು ಅನ್ನುವ ದಾಖಲೆ) ಬರೆಯುವುದಿಲ್ಲ, ಸುಮ್ನೆ ಸಾಯುತ್ತದೆ. ಲಾಗರ್ ಇದ್ದರೆ ಬಿದ್ದಾಗಲೆಲ್ಲ ಡಾಕ್ಯುಮೆಂಟ್ಸ್‌ನ ಮೈ ಗೇಮ್ಸ್ ಫೋಲ್ಡರ್‌ನಲ್ಲಿ, ಸ್ಕೈರಿಮ್‌ನ ಎಸ್‌ಕೆಎಸ್‌ಇ (ಮಾಡ್‌ಗಳಿಗಾಗಿ ಆಟದ ಸ್ಕ್ರಿಪ್ಟ್ ಶಕ್ತಿ ಹಿಗ್ಗಿಸುವ ಟೂಲ್) ಫೋಲ್ಡರ್ ಒಳಗೆ, ದಿನಾಂಕ ಸಮಯದ ಸಮೇತ ಒಂದು ಫೈಲ್ ಬೀಳುತ್ತದೆ. ಸೇತುವೆಯ ಮೇಲೆ ಮೂರು ಸಲ ಬೀಳಿಸಿ ಮೂರು ಲಾಗ್ ಕೊಡಿ. ಬೇರೆ ಕಡೆ ಬಿದ್ದದ್ದಿದ್ದರೆ ಅದನ್ನೂ ಕೊಡಿ, ಆದರೆ ಎರಡನ್ನೂ ಕಲಸಬೇಡಿ.

ಗಿರ್ಮಿಟ್ · ಭಾನುವಾರ ಬೆಳಿಗ್ಗೆ 10.30

ಹಳೇ ಸೇವ್ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕ್ರ್ಯಾಶ್ ಎಲ್ಲಿ, ಯಾವಾಗ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತದೆ.

ಆಟ ತೆರೆಯುವಾಗಲೇ, ಮೆನು ಬರುವ ಮೊದಲೇ ಬಿದ್ದರೆ ಎರಡು ಅನುಮಾನ. ಒಂದು, ಯಾವುದೋ ಪ್ಲಗಿನ್‌ಗೆ ಬೇಕಾದ ಮಾಸ್ಟರ್ ಫೈಲ್, ಅಂದರೆ ಅದು ಆಧರಿಸಿರುವ ಫೈಲ್, ಇಲ್ಲ. ಇನ್ನೊಂದು, ಎಸ್‌ಕೆಎಸ್‌ಇ ಬಳಸುವ ಡಿಎಲ್‌ಎಲ್ (ಕೋಡ್ ಇರುವ ಫೈಲ್) ಬೇರೆ ವರ್ಷನ್‌ನದ್ದು. 2021ರ ನವೆಂಬರ್ 11ರಂದು ಆನಿವರ್ಸರಿ ಅಪ್‌ಡೇಟ್ ಬಂದಾಗ ಆಟ 1.5.97ರಿಂದ 1.6ಕ್ಕೆ ಹಾರಿತು. ಆಗ ಡಿಎಲ್‌ಎಲ್ ಮಾಡ್‌ಗಳೆಲ್ಲ ಒಂದೇ ರಾತ್ರಿಯಲ್ಲಿ ಮಲಗಿದವು. 2023ರ ಡಿಸೆಂಬರ್‌ನಲ್ಲಿ 1.6.1130 ಬಂದಾಗ ಮತ್ತೆ ಅದೇ ಗೋಳು. ಅದಕ್ಕೇ ನಾನು ಸ್ಟೀಮ್‌ನಲ್ಲಿ "ಆಟ ತೆರೆದಾಗ ಮಾತ್ರ ಅಪ್‌ಡೇಟ್" ಅಂತ ಇಟ್ಟು, ಆಟವನ್ನು ಯಾವಾಗಲೂ ಎಸ್‌ಕೆಎಸ್‌ಇ ಮೂಲಕವೇ ತೆರೆಯುತ್ತೇನೆ.

ಒಂದೇ ಜಾಗದಲ್ಲಿ ಪ್ರತಿಸಲ ಬಿದ್ದರೆ ಆ ಜಾಗದಲ್ಲಿರುವ ವಸ್ತುವಿನದ್ದೇ ದೋಷ. ಮೆಶ್ (ವಸ್ತುವಿನ 3ಡಿ ಆಕಾರ) ಇರಬಹುದು, ಟೆಕ್ಸ್ಚರ್ ಇರಬಹುದು, ಎರಡು ಮಾಡ್ ಒಂದೇ ಜಾಗಕ್ಕೆ ಕಿತ್ತಾಡುತ್ತಿರಬಹುದು.

ಎಲ್ಲೆಂದರಲ್ಲಿ ಬಿದ್ದರೆ ಮೆಮೊರಿ, ಪೇಜ್ ಫೈಲ್ (ಮೆಮೊರಿಗೆ ಪೂರಕವಾಗಿ ವಿಂಡೋಸ್ ಡ್ರೈವ್‌ನಲ್ಲಿ ಇಟ್ಟುಕೊಳ್ಳುವ ಜಾಗ), ಇಲ್ಲಾ ಹಾರ್ಡ್‌ವೇರ್. ನಿಮಗೆ ಎರಡೂ ಇದ್ದಹಾಗಿದೆ. ಒಂದೇ ಕಾಯಿಲೆ ಅಂದುಕೊಂಡು ಹುಡುಕಿದರೆ ಸಿಗೋದಿಲ್ಲ.

ಮಂಡಕ್ಕಿ_ಮಿರ್ಚಿ · ಭಾನುವಾರ ಮಧ್ಯಾಹ್ನ 3.20

ಪೂರ್ಣ ಪ್ಲಗಿನ್ 171, ಲೈಟ್ 196. ಮಿತಿಯೊಳಗೇ ಇದ್ದೇನೆ.

40 ಮಾಡ್ ವಾಪಸ್ ಹಾಕಿದೆ. ದೇವರ ದಯೆ, ಮೂರು ವಾರದ ಹಿಂದಿನ ಸೇವ್ ಸಿಕ್ಕಿತು. ಎರಡು ಲೆವೆಲ್ ಹೋಯಿತು, ಹೋಗಲಿ.

ಸೇತುವೆಯ ಮೇಲೆ ಮೂರು ಸಲ ಸತ್ತೆ. ಲಾಗ್ ನೋಡಿದರೆ ಜಾತಕ ನೋಡಿದ ಹಾಗಾಯಿತು, ಒಂದಕ್ಷರ ಅರ್ಥವಾಗಲಿಲ್ಲ. ಮೂರರಲ್ಲೂ ಮೇಲೆ ಆಕ್ಸೆಸ್ ವಯಲೇಶನ್ ಅಂತಿದೆ. ಅಂದರೆ ಸ್ಕೈರಿಮ್ ಎಕ್ಸಿಕ್ಯೂಟಬಲ್ಲೇ ಹಾಳಾಗಿದೆಯಾ?

ಹಳೇ_ಸೇವ್ · ಭಾನುವಾರ ಸಂಜೆ 4.05

ಇಲ್ಲ. ಆಕ್ಸೆಸ್ ವಯಲೇಶನ್ ಅಂದರೆ ತನ್ನದಲ್ಲದ ಮೆಮೊರಿ ಜಾಗಕ್ಕೆ ಆಟ ಕೈ ಹಾಕಿತು ಅಂತ ಅಷ್ಟೇ. ನೂರರಲ್ಲಿ ತೊಂಬತ್ತು ಲಾಗ್‌ನಲ್ಲಿ ಅದೇ ಸಾಲು ಇರುತ್ತದೆ. "ಜ್ವರ ಇದೆ" ಅಂದ ಹಾಗೆ. ಯಾಕೆ ಜ್ವರ ಅನ್ನೋದು ಕೆಳಗಿದೆ.

ಲಾಗ್ ಓದುವ ಕ್ರಮ ಹೇಳುತ್ತೇನೆ. ಮೊದಲ ಸಾಲು ನೋಡಿ ಮುಂದೆ ಹೋಗಿ. "ಪಾಸಿಬಲ್ ರೆಲೆವಂಟ್ ಆಬ್ಜೆಕ್ಟ್ಸ್" ಅನ್ನುವ ಭಾಗ ಇದೆಯಲ್ಲ, ಅಲ್ಲಿ ನಿಲ್ಲಿ. ಅದಕ್ಕೂ ಕೆಳಗೆ ರಿಜಿಸ್ಟರ್, ಸ್ಟ್ಯಾಕ್ ಅಂತ ನೂರಾರು ಸಾಲು. ಅವುಗಳಲ್ಲಿ ನಿಮಗೆ ಬೇಕಾಗಿರುವುದು ಎರಡೇ: ನಿಫ್ ಅಂತ ಕೊನೆಯಾಗುವ ಫೈಲ್ ಹೆಸರು (ಅದು ಮೆಶ್ ಫೈಲ್), ಮತ್ತು ಫಾರ್ಮ್ ಐಡಿ, ಅಂದರೆ ಆಟದ ಪ್ರತಿ ದಾಖಲೆಯ ಗುರುತು ಸಂಖ್ಯೆ. ಒಂದು ಲಾಗ್‌ನಲ್ಲಿ ಸಿಕ್ಕಿದ ಹೆಸರನ್ನು ನಂಬಬೇಡಿ. ಮೂರರಲ್ಲೂ ಬಂದ ಹೆಸರನ್ನು ನಂಬಿ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಸುಮ್ನೆ ಹೋಗುತ್ತಿದ್ದ ಕೋಳಿಯ ಹೆಸರೂ ಸ್ಟ್ಯಾಕ್‌ನಲ್ಲಿ ಇರುತ್ತದೆ. ಕೋಳಿ ಏನು ಮಾಡೀತು ಪಾಪ.

ನಿಮ್ಮ ಮೂರೂ ಲಾಗ್‌ನಲ್ಲಿ ವಿಂಡ್‌ಹೆಲ್ಮ್ ಕಾವಲುಗಾರ ಇದ್ದಾನೆ. ಮೂರರಲ್ಲೂ ಒಂದು ಮೇಲಂಗಿಯ ನಿಫ್ ಇದೆ, ಹೆಸರಿನ ಕೊನೆಗೆ ಅಂಡರ್‌ಸ್ಕೋರ್ 1. ಅದರ ಪಕ್ಕದ ಫಾರ್ಮ್ ಐಡಿ ಎಫ್‌ಇ ಅಂತ ಶುರುವಾಗುತ್ತದೆ. ಎಫ್‌ಇ ಅಂದರೆ ಲೈಟ್ ಪ್ಲಗಿನ್. ಆಮೇಲಿನ ಮೂರು ಅಕ್ಷರ ಯಾವ ಲೈಟ್ ಪ್ಲಗಿನ್ ಅಂತ ಹೇಳುತ್ತದೆ, ಕೊನೆಯ ಮೂರು ಅದರೊಳಗಿನ ದಾಖಲೆ. ಎಫ್‌ಎಫ್ ಅಂತ ಶುರುವಾದರೆ ಅದು ಯಾವ ಮಾಡ್‌ನದ್ದೂ ಅಲ್ಲ, ಆಟ ನಡೆಯುವಾಗ ಹುಟ್ಟಿಸಿಕೊಂಡದ್ದು. ಅದರ ಹಿಂದೆ ಹೋಗಬೇಡಿ.

ಈಗ ಎಸ್‌ಎಸ್‌ಇ ಎಡಿಟ್ (ಪ್ಲಗಿನ್‌ಗಳ ಒಳಗೆ ನೋಡುವ ಟೂಲ್) ತೆರೆದು ಆ ಐಡಿ ಹಾಕಿ ನೋಡಿ.

ಮಂಡಕ್ಕಿ_ಮಿರ್ಚಿ · ಭಾನುವಾರ ಸಂಜೆ 5.40

ಸಿಕ್ಕಿತು! ಚಳಿಗಾಲದ ಬಟ್ಟೆಯ ಒಂದು ಮಾಡ್. ಚಳಿ ಜಾಗದ ಕಾವಲುಗಾರರಿಗೆ ತುಪ್ಪಳದ ಮೇಲಂಗಿ ತೊಡಿಸುತ್ತದೆ. ಚೆನ್ನಾಗಿ ಕಾಣುತ್ತದೆ ಅಂತ ಹಾಕಿದ್ದೆ. ವೈಟ್‌ರನ್‌ನಲ್ಲಿ ಯಾಕೆ ಬೀಳುತ್ತಿರಲಿಲ್ಲ ಅಂತ ಈಗ ತಿಳಿಯಿತು, ಅಲ್ಲಿ ಯಾರೂ ಇದನ್ನು ಹಾಕಿಕೊಳ್ಳುವುದಿಲ್ಲ.

ಹಾಗಾದರೆ ಮಾಡ್ ತೆಗೆಯಲಾ? ಈಗ ತಾನೇ ತೆಗೆಯಬೇಡಿ ಅಂದಿರಿ.

ನೂಲು_ಮೆಶ್ · ಭಾನುವಾರ ರಾತ್ರಿ 8.10

ತೆಗೆಯಬೇಡಿ, ಸ್ವಲ್ಪ ತಡೆಯಿರಿ. ನನ್ನ ಹತ್ತಿರವೂ ಆ ಮಾಡ್ ಇದೆ, ಫೈಲ್ ತೆರೆದು ನೋಡಿದೆ.

ಸ್ಕೈರಿಮ್‌ನಲ್ಲಿ ಬಟ್ಟೆಯ ಮೆಶ್ ಸಾಮಾನ್ಯವಾಗಿ ಜೋಡಿಯಾಗಿ ಬರುತ್ತದೆ. ಅಂಡರ್‌ಸ್ಕೋರ್ 0 ತೆಳ್ಳಗಿನ ಮೈಗೆ, ಅಂಡರ್‌ಸ್ಕೋರ್ 1 ದಪ್ಪ ಮೈಗೆ. ಪಾತ್ರದ ತೂಕ ನಡುವೆ ಎಲ್ಲೋ ಇದ್ದರೆ ಆಟ ಎರಡನ್ನೂ ಬೆರೆಸಿ ಅಳತೆ ಹೊಂದಿಸುತ್ತದೆ. ಬೆರೆಸಬೇಕಾದರೆ ಎರಡೂ ಒಂದೇ ಅಚ್ಚಿನಲ್ಲಿರಬೇಕು, ಚುಕ್ಕಿಗಳ ಲೆಕ್ಕವೂ ಒಂದೇ ಇರಬೇಕು.

ಇಲ್ಲಿ ಏನಾಗಿದೆ ಅಂದರೆ, 0 ಫೈಲ್ ಹೊಸ ಅಚ್ಚಿನದ್ದು. 1 ಫೈಲ್ 2011ರ ಹಳೆಯ 32 ಬಿಟ್ ಸ್ಕೈರಿಮ್‌ನದ್ದು, ಹಾಗೇ ಉಳಿದುಬಿಟ್ಟಿದೆ. ನಿಫ್‌ಸ್ಕೋಪ್‌ನಲ್ಲಿ ತೆರೆದು ಹೆಡರ್ ನೋಡಿದರೆ ಗೊತ್ತಾಗುತ್ತದೆ: ಹಳೆಯದರಲ್ಲಿ ವರ್ಷನ್ 83 ಅಂತ ಇರುತ್ತದೆ, 2016ರ ಸ್ಪೆಷಲ್ ಎಡಿಶನ್‌ನದ್ದಕ್ಕೆ 100. ಒಳಗಿನ ಆಕಾರದ ಹೆಸರೂ ಬೇರೆ, ಹಳೆಯದು ನಿ ಟ್ರೈ ಶೇಪ್, ಹೊಸದು ಬಿಎಸ್ ಟ್ರೈ ಶೇಪ್. ಹಳೆಯ ಮೆಶ್ ಎಷ್ಟೋ ಸಲ ಸುಮ್ಮನೆ ಓಡಿಬಿಡುತ್ತದೆ, ಹಾಗಾಗಿ ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ಮಾಡ್ ಮಾಡಿದವರನ್ನು ಬಯ್ಯಬೇಡಿ. ಇಪ್ಪತ್ತು ಫೈಲ್ ಬದಲಿಸುವಾಗ ಒಂದು ಕೈ ತಪ್ಪುತ್ತದೆ, ನಾನೂ ತಪ್ಪಿದ್ದೇನೆ.

ಹಳೆಯ ಮೆಶ್ ಅನ್ನು ಹೊಸ ಅಚ್ಚಿಗೆ ಬದಲಿಸುವ ನಿಫ್ ಆಪ್ಟಿಮೈಸರ್‌ಗೆ ಆ ಒಂದು ಫೈಲ್ ಕೊಡಿ. ಮೂಲ ಫೈಲ್‌ನ ನಕಲು ಎತ್ತಿಟ್ಟುಕೊಂಡು ಕೊಡಿ. ಬದಲಾದ ಫೈಲನ್ನು ಮಾಡ್ ಆರ್ಗನೈಸರ್‌ನಲ್ಲಿ ಬೇರೆ ಖಾಲಿ ಮಾಡ್ ಮಾಡಿ, ಅದೇ ಫೋಲ್ಡರ್ ದಾರಿಯಲ್ಲಿ ಇಟ್ಟು, ಬಟ್ಟೆ ಮಾಡ್‌ನ ಕೆಳಗೆ ಎಳೆಯಿರಿ. ಪ್ಲಗಿನ್ ಮುಟ್ಟುವುದಿಲ್ಲ, ಹಾಗಾಗಿ ನಿಮ್ಮ ಸೇವ್‌ಗೆ ಏನೂ ಆಗುವುದಿಲ್ಲ.

ಮಂಡಕ್ಕಿ_ಮಿರ್ಚಿ · ಭಾನುವಾರ ರಾತ್ರಿ 10.25

ಅಕ್ಕಾ, ನಿಮಗೆ ದಾವಣಗೆರೆಗೆ ಬಂದಾಗ ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.

ಸೇತುವೆ ಹತ್ತಿದೆ. ದಾಟಿದೆ. ವಾಪಸ್ ಬಂದು ಮತ್ತೆ ದಾಟಿದೆ. ಬಾಗಿಲ ಹತ್ತಿರ ನಿಂತು ಆ ಕಾವಲುಗಾರನ ಮೇಲಂಗಿಯನ್ನು ಸುತ್ತ ತಿರುಗಿ ನೋಡಿದೆ. ಕ್ಯಾಂಡಲ್‌ಹಾರ್ತ್ ಹಾಲ್‌ನಲ್ಲಿ ರೂಮು ಮಾಡಿ ಮಲಗಿಯೂ ಆಯಿತು.

ಎದ್ದು ಮ್ಯಾಪ್ ತೆಗೆದೆ. ಕ್ರ್ಯಾಶ್.

ಗಿರ್ಮಿಟ್ · ಭಾನುವಾರ ರಾತ್ರಿ 10.40

ಅಯ್ಯೋ. ಒಂದು ಕಾಯಿಲೆ ಹೋಯಿತು, ಇನ್ನೊಂದು ಬಾಕಿ. ಬೇರೆ ಕಡೆ ಬಿದ್ದ ಲಾಗ್‌ಗಳನ್ನು ಹಾಕಿ.

ಜಾವಾ_ಜೋಳ · ಸೋಮವಾರ ಬೆಳಿಗ್ಗೆ 7.50

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಮೈನ್‌ಕ್ರಾಫ್ಟ್. 1.20.1ರ ಮಾಡ್‌ಪ್ಯಾಕ್, 180 ಮಾಡ್. ತೆರೆಯುವಾಗಲೇ ಎಕ್ಸಿಟ್ ಕೋಡ್ 1 ಅಂತ ಮುಚ್ಚುತ್ತದೆ. ರ‍್ಯಾಮ್ ಕಮ್ಮಿ ಅಂತ 14 ಜಿಬಿ ಕೊಟ್ಟೆ, ಆದರೂ ಅಷ್ಟೇ.

ಗಿರ್ಮಿಟ್ · ಸೋಮವಾರ ಬೆಳಿಗ್ಗೆ 8.20

ಎಕ್ಸಿಟ್ ಕೋಡ್ 1 ಅಂದರೆ "ಏನೋ ಆಯ್ತು" ಅಂತ ಮಾತ್ರ. ಲಾಗ್ಸ್ ಫೋಲ್ಡರ್‌ನ ಲೇಟೆಸ್ಟ್ ಫೈಲ್ ತೆರೆದು "ಕಾಸ್ಡ್ ಬೈ" ಅನ್ನುವ ಸಾಲು ಹುಡುಕಿ. ಹಲವು ಇದ್ದರೆ ಕೊನೆಯದನ್ನು ಓದಿ. 1.20.1ಕ್ಕೆ ಜಾವಾ 17 ಬೇಕು. 1.20.5ರಿಂದ ಜಾವಾ 21. ಬೇರೆ ಜಾವಾ ಕೂತಿದೆಯಾ ಅಂತ ಮೊದಲು ಅದನ್ನೇ ನೋಡಿ. ಒಂದು ಮಾಡ್‌ಗೆ ಬೇಕಾದ ಲೈಬ್ರರಿ ಮಾಡ್ ಇಲ್ಲದಿದ್ದರೂ ಹೀಗೇ ಆಗುತ್ತದೆ.

14 ಜಿಬಿ ವಾಪಸ್ ತಗೊಳ್ಳಿ. ಜಾವಾಕ್ಕೆ ಜಾಗ ಜಾಸ್ತಿ ಕೊಟ್ಟರೆ ಕಸ ಗುಡಿಸುವಾಗ ಆಟ ತಡವರಿಸಬಹುದು, ವಿಂಡೋಸ್‌ಗೂ ಏನೂ ಉಳಿಯುವುದಿಲ್ಲ.

ಜಾವಾ_ಜೋಳ · ಸೋಮವಾರ ಬೆಳಿಗ್ಗೆ 9.05

ಜಾವಾ 8 ಇತ್ತು. ಮಾನ ಹೋಯ್ತು. ಈಗ ಓಡುತ್ತಿದೆ, ಥ್ಯಾಂಕ್ಸ್.

ಮಂಡಕ್ಕಿ_ಮಿರ್ಚಿ · ಸೋಮವಾರ ರಾತ್ರಿ 9.30

ಬೇರೆ ಕಡೆ ಬಿದ್ದ ಐದು ಲಾಗ್ ಓದಿದೆ, ಈ ಸಲ ನಾನೇ. ಐದರಲ್ಲೂ ಬೇರೆ ಬೇರೆ. ಒಂದರಲ್ಲಿ ಮರ, ಒಂದರಲ್ಲಿ ಶಬ್ದ, ಒಂದರಲ್ಲಿ ಗ್ರಾಫಿಕ್ಸ್ ಡ್ರೈವರ್‌ನ ಡಿಎಲ್‌ಎಲ್, ಎರಡರಲ್ಲಿ ಹೆಸರೇ ಇಲ್ಲ. ಎಲ್ಲೂ ತಾಳೆಯಾಗುತ್ತಿಲ್ಲ.

ತುಪ್ಪದ_ದೋಸೆ · ಸೋಮವಾರ ರಾತ್ರಿ 9.45

4ಕೆ ಟೆಕ್ಸ್ಚರ್ ಜಾಸ್ತಿ ಆಗಿರಬೇಕು. ಎಲ್ಲ 2ಕೆ ಮಾಡು ಗುರು.

ನೂಲು_ಮೆಶ್ · ಸೋಮವಾರ ರಾತ್ರಿ 10.15

ದೋಸೆ ಹೇಳಿದ್ದರಲ್ಲಿ ಅರ್ಥ ಇದೆ, ಲೆಕ್ಕ ಹಾಕಿ ನೋಡೋಣ. ಬಿಸಿ7 ರೀತಿಯಲ್ಲಿ ಒತ್ತಿದ ಟೆಕ್ಸ್ಚರ್‌ಗೆ ಒಂದು ಪಿಕ್ಸೆಲ್‌ಗೆ ಒಂದು ಬೈಟ್. 4096 ಗುಣಿಸು 4096 ಅಂದರೆ 16 ಎಂಬಿ, ಮಿಪ್‌ಮ್ಯಾಪ್ (ದೂರದಿಂದ ತೋರಿಸಲು ಇಡುವ ಚಿಕ್ಕ ನಕಲುಗಳು) ಸೇರಿದರೆ ಸುಮಾರು 21. ಅದೇ 2ಕೆ ಆದರೆ ಕಾಲು ಭಾಗ, ಐದೂ ಚಿಲ್ಲರೆ. ಒಂದು ಬಂಡೆಗೆ ಬಣ್ಣದ್ದೊಂದು, ಉಬ್ಬು ತಗ್ಗಿನದ್ದೊಂದು ಅಂತ ಕನಿಷ್ಠ ಎರಡು ಟೆಕ್ಸ್ಚರ್. ಊರೊಳಗೆ ಇಂಥವು ನೂರಾರು. 8 ಜಿಬಿ ತುಂಬಲು ಕಷ್ಟವೇನಿಲ್ಲ. ಆದರೆ ಕಾರ್ಡ್ ತುಂಬಿದರೆ ಮೊದಲು ಆಟ ಎಳೆದಾಡುತ್ತದೆ. ಮಿರ್ಚಿ, ಬೀಳುವ ಮೊದಲು ಎಳೆದಾಡುತ್ತಾ?

ಮಂಡಕ್ಕಿ_ಮಿರ್ಚಿ · ಸೋಮವಾರ ರಾತ್ರಿ 10.22

ಇಲ್ಲ ಅಕ್ಕ. ಬೆಣ್ಣೆ ಹಾಗೆ ಓಡುತ್ತಿರುತ್ತದೆ, ಆಮೇಲೆ ಧಡಕ್ಕನೆ ಬೀಳುತ್ತದೆ. ಕಾರ್ಡ್ ಬಳಕೆ 6 ಜಿಬಿ ದಾಟಿಲ್ಲ.

ಹಳೇ_ಸೇವ್ · ಸೋಮವಾರ ರಾತ್ರಿ 11.00

ಹಾಗಾದರೆ ಟೆಕ್ಸ್ಚರ್ ಬಿಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಎರಡು ವಿಷಯ ಕೇಳುತ್ತೇನೆ.

ಒಂದು, ಪೇಜ್ ಫೈಲ್ ಎಷ್ಟಿದೆ? ರ‍್ಯಾಮ್ 32 ಇದೆ ಅಂತ ಅದನ್ನು ಆಫ್ ಮಾಡಿದವರನ್ನು ನೋಡಿದ್ದೇನೆ. ಆಟ ಮೆಮೊರಿ ಬೇಕು ಅಂತ ಕೇಳಿದಾಗ ವಿಂಡೋಸ್ ರ‍್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಸೇರಿಸಿ ಲೆಕ್ಕ ಹಾಕಿ ಮಾತು ಕೊಡುತ್ತದೆ. ಆ ಲೆಕ್ಕ ಮುಗಿದರೆ ರ‍್ಯಾಮ್ ಖಾಲಿ ಇದ್ದರೂ "ಇಲ್ಲ" ಅನ್ನುತ್ತದೆ. ಮಾಡ್ ತುಂಬಿದ ಸ್ಕೈರಿಮ್ ಆ "ಇಲ್ಲ" ಕೇಳಿದ ತಕ್ಷಣ ಸಾಯುತ್ತದೆ.

ಎರಡು, ಮೊದಲ ಪೋಸ್ಟ್‌ನಲ್ಲಿ ಹೋದ ತಿಂಗಳು ರ‍್ಯಾಮ್ ಹಾಕಿಸಿದೆ ಅಂದಿದ್ದೀರಿ. ತೊಂದರೆ ಶುರುವಾಗಿ ಮೂರು ವಾರ ಅಂದಿದ್ದೀರಿ. ನಾನು ಮೊದಲೇ ಗಮನಿಸಬೇಕಿತ್ತು. ಹೊಸ ಸ್ಟಿಕ್ ಹಳೆಯದರ ಜೊತೆಯದ್ದೇನಾ, ಬೇರೆಯದ್ದಾ? ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್‌ಗಳನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದೆಯಾ?

ಮಂಡಕ್ಕಿ_ಮಿರ್ಚಿ · ಸೋಮವಾರ ರಾತ್ರಿ 11.12

ಪೇಜ್ ಫೈಲ್ ವಿಂಡೋಸ್‌ಗೇ ಬಿಟ್ಟಿದ್ದೇನೆ, ಡ್ರೈವ್‌ನಲ್ಲಿ ಜಾಗವೂ ಇದೆ. ರ‍್ಯಾಮ್ ಬೇರೆ ಕಂಪನಿ. "ಸ್ಪೀಡ್ ಒಂದೇ, ಏನೂ ಆಗಲ್ಲ" ಅಂದರು ಅಂಗಡಿಯವರು. ಎಕ್ಸ್‌ಎಂಪಿ ಆನ್, 3200.

ಹಳೇ_ಸೇವ್ · ಸೋಮವಾರ ರಾತ್ರಿ 11.20

ಅಲ್ಲೇ ಇದೆ ಅನ್ನಿಸುತ್ತದೆ. ಅನ್ನಿಸಿದ್ದು ಸಾಲದು, ಪರೀಕ್ಷೆ ಮಾಡಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ನಾಲ್ಕು ಸುತ್ತು ಪೂರ್ತಿ ಬಿಡಿ, 32 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ. ರ‍್ಯಾಮ್ ವಿಷಯದಲ್ಲಿ ಮೂವತ್ತೈದಕ್ಕೆ ಪಾಸ್ ಇಲ್ಲ.

ಮಂಡಕ್ಕಿ_ಮಿರ್ಚಿ · ಗುರುವಾರ ಬೆಳಿಗ್ಗೆ 7.10

ಮೂರು ರಾತ್ರಿ ಬೇಕಾಯಿತು. ಮೊದಲ ರಾತ್ರಿ ಎರಡೂವರೆಗೆ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಮಲಗಿತು. ಎರಡನೇ ರಾತ್ರಿ ಅಮ್ಮ, ಏನೋ ಕೆಂಪು ಕೆಂಪು ಬರುತ್ತಿದೆ ಅಂತ ಸ್ವಿಚ್ ಆಫ್ ಮಾಡಿದ್ದಾರೆ. ಆ ಕೆಂಪು ಎರರ್ ಸಾಲೇ ನನಗೆ ಬೇಕಾಗಿತ್ತು!

ನಿನ್ನೆ ರಾತ್ರಿ ಪರದೆಯ ಮೇಲೆ ಚೀಟಿ ಅಂಟಿಸಿ ಮಲಗಿದೆ. ಎರಡನೇ ಸುತ್ತಿನಲ್ಲಿ 11 ಎರರ್. ಒಂದೊಂದೇ ಸ್ಟಿಕ್ ಹಾಕಿ ನೋಡಬೇಕಾ?

ಹಳೇ_ಸೇವ್ · ಗುರುವಾರ ಬೆಳಿಗ್ಗೆ 8.00

ಮೊದಲು ಸುಲಭದ್ದು. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಎರರ್ ಹೋದರೆ ಸ್ಟಿಕ್ ಕೆಟ್ಟಿಲ್ಲ, ಎರಡೂ ಜೊತೆಯಾಗಿ ಆ ವೇಗ ತಾಳುತ್ತಿಲ್ಲ ಅಂತ. ಆಮೇಲೂ ಬಂದರೆ ಒಂದೊಂದೇ ಹಾಕಿ ನೋಡಿ.

ಮಂಡಕ್ಕಿ_ಮಿರ್ಚಿ · ಭಾನುವಾರ ಸಂಜೆ 6.30

ಎಕ್ಸ್‌ಎಂಪಿ ಆಫ್, ವೇಗ 2666. ನಾಲ್ಕು ಸುತ್ತು, ಸೊನ್ನೆ ಎರರ್. ಶುಕ್ರವಾರದಿಂದ ಇವತ್ತಿನವರೆಗೆ ಹನ್ನೊಂದು ಗಂಟೆ ಆಡಿದ್ದೇನೆ, ಒಮ್ಮೆಯೂ ಬಿದ್ದಿಲ್ಲ. ಮ್ಯಾಪ್ ಅಂತೂ ಬೇಕಂತಲೇ ಐವತ್ತು ಸಲ ತೆಗೆದೆ. ವೇಗ ಕಮ್ಮಿಯಾದದ್ದು ಆಡುವಾಗ ಗೊತ್ತಾಗುತ್ತಿಲ್ಲ.

ಯೋಚಿಸಿದರೆ ನಗು ಬರುತ್ತದೆ. ಮೇಲಂಗಿ ಮಾಡ್ ಹಾಕಿದ್ದೂ ರ‍್ಯಾಮ್ ಹಾಕಿಸಿದ್ದೂ ಒಂದೇ ವಾರ. "ಈಗ 32 ಜಿಬಿ ಇದೆಯಲ್ಲ, ಇನ್ನೂ ನಾಲ್ಕು ಮಾಡ್ ಹಾಕೋಣ" ಅಂತಲೇ ಅದನ್ನು ಹಾಕಿದ್ದು.

ಕಡಲ_ಕಾಗೆ · ಭಾನುವಾರ ರಾತ್ರಿ 9.00

ನನಗೂ ಅದೇ ಸೇತುವೆಯಲ್ಲಿ ಬೀಳುತ್ತಿದೆ ಮಾರಾಯ್ರೆ! ಅದೇ ಬಟ್ಟೆ ಮಾಡ್. ಆ ಸರಿಮಾಡಿದ ನಿಫ್ ಫೈಲ್ ಇಲ್ಲೇ ಹಾಕಿ, ಎಲ್ಲರಿಗೂ ಉಪಕಾರ.

ನೂಲು_ಮೆಶ್ · ಭಾನುವಾರ ರಾತ್ರಿ 9.20

ಅದು ಬೇರೆಯವರ ಕೆಲಸ, ಅನುಮತಿ ಇಲ್ಲದೆ ಹಂಚುವ ಹಾಗಿಲ್ಲ. ಮಾಡ್ ಮಾಡಿದವರಿಗೆ ಫೈಲ್ ಹೆಸರು ಸಮೇತ ತಿಳಿಸಿದ್ದೇನೆ. ಅಷ್ಟರೊಳಗೆ ಬೇಕಿದ್ದರೆ ಆಪ್ಟಿಮೈಸರ್‌ಗೆ ಆ ಒಂದು ಫೈಲ್ ಕೊಡಿ, ಎರಡು ನಿಮಿಷದ ಕೆಲಸ. ಮೇಲೆ ಬರೆದಿದ್ದೇನೆ ನೋಡಿ. ನಿಮ್ಮ ರ‍್ಯಾಮ್ ಹೊಸದಾ?

ಕಡಲ_ಕಾಗೆ · ಭಾನುವಾರ ರಾತ್ರಿ 9.24

ಇಲ್ಲ ಅಕ್ಕ, ಹಳೇದೇ. ಉಪ್ಪುಗಾಳಿ ತಿಂದು ಗಟ್ಟಿಯಾಗಿದೆ.